ರಂಜಿತಳ ಪರವಾಗಿ ನನ್ನ ಉತ್ತರ

೧೧ ಜುಲೈ ೨೦೨೪, ಗುರುವಾರ ರಾತ್ರಿ, ನಿಡಘಟ್ಟ

ಮದ್ದೂರಿನಿಂದ ಮಳವಳ್ಳಿವರೆಗೆ ಮಕ್ಕಳ ಮನಸ್ಸು ಓದುವುದರಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಮಂಡ್ಯದ ಡಾಕ್ಟರರೂ ನನ್ನನ್ನು ಕೇಳಿಯೇ ಔಷಧಿ ಬರೆಯುತ್ತಾರೆ.

ಆದರೂ ಇವತ್ತಿನದು ತಲೆಗೆ ಹತ್ತುತ್ತಿಲ್ಲ. ಅಕ್ಕನ ಮಗಳು ರಂಜಿತಳಿಗೆ ಸಕ್ಕರೆ ಕಾಯಿಲೆ, ದಿನಾ ಸೂಜಿ. ಅಕ್ಕನಿಗೆ ಬಿಡುವಿಲ್ಲವೆಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕಾಯಿಲೆಯ ಜೊತೆ ಮಗು ಎಷ್ಟು ಚೆನ್ನಾಗಿ ಬದುಕುತ್ತಿದೆ ಎಂದು ಅಳೆಯಬೇಕಂತೆ. ಇಪ್ಪತ್ತಮೂರು ಪ್ರಶ್ನೆ. ಅವಳಿಗೊಂದು ಹಾಳೆ, ಅವಳ ಪರವಾಗಿ ನನಗೊಂದು. ಬೇರೆಯಾದ ಒಂದೊಂದು ಉತ್ತರಕ್ಕೂ ಹತ್ತು ರೂಪಾಯಿ ಎಂದು ನಾನೇ ಅವಳ ಹತ್ತಿರ ಪಂಥ ಕಟ್ಟಿದೆ.

ಸೂಜಿಯ ನೋವಿಗೆ ನಾನು ‘ಯಾವಾಗಲೂ’ ಎಂದು ಗುರುತು ಹಾಕಿದ್ದೆ. ಅವಳದು ‘ಎಂದೂ ಇಲ್ಲ’. ಬೇಸರಕ್ಕೆ ನನ್ನದು ‘ಎಂದೂ ಇಲ್ಲ’, ಅವಳದು ‘ಯಾವಾಗಲೂ’. ಕದ್ದು ನೋಡಿ ತಿದ್ದಲು ಹೋದರೆ ನರ್ಸ್ ಪುಷ್ಪಾ ಹಾಳೆ ಕಿತ್ತುಕೊಂಡರು.

‘ಇಬ್ರುದೂ ಹಂಗಂಗೇ ಬೇಕು ಕಣಣ್ಣ. ಎರಡೂ ಸರಿನೇ.’

ಎರಡೂ ಹೇಗೆ ಸರಿ?

‘ಬೇಸರ ಯಾಕವ್ವ, ಯಾರೇನಂದ್ರು?’ ಎಂದು ಬಸ್ಸಿನಲ್ಲಿ ಕೇಳಿದೆ.

‘ಸೂಜಿ ಬುಡು ಮಾವ, ಅಭ್ಯಾಸ ಆಗೋಯ್ತು. ನೀನು ಕಜ್ಜಾಯ ಎತ್ಕಂಡು ಹುಲ್ಲಿನ ಮೆದೆ ಹಿಂದಕ್ಕೆ ಓಯ್ತೀಯಲ್ಲ, ನನ್ನ ಕಂಡ್ರೆ ಎಲ್ರೂ ತಟ್ಟೆ ಬಚ್ಚಿಡ್ತೀರಲ್ಲ, ಅದ್ಕೆ.’

ಅವಳಿಗೆ ಆಸೆಯಾಗದಿರಲಿ ಎಂದಲ್ಲವೇ ನಾನು ಮರೆಯಲ್ಲಿ ತಿಂದದ್ದು? ಇನ್ನು ಅವಳೆದುರಿಗೇ ತಿನ್ನಲೋ, ತಿನ್ನುವುದನ್ನೇ ಬಿಡಲೋ, ಒಂದೂ ಗೊತ್ತಾಗುತ್ತಿಲ್ಲ.

ಪಂಥದಲ್ಲಿ ಇಪ್ಪತ್ತು ರೂಪಾಯಿ ಹೋಯಿತೆಂದು ಅಕ್ಕನಿಗೆ ಹೇಳಿದ್ದೇನೆ. ಹೋದದ್ದು ನೂರ ಎಪ್ಪತ್ತು.