ಎರಡು ಸಲ ಸುರಿದ ಮದ್ದು

ಮಾವಾರ,

ನಿಮಗ ನಮಸ್ಕಾರ ಅಂತ ಬರೀಬೇಕಂದ್ರ ಕೈ ಏಳವಲ್ದು. ನೀವು ಬದುಕಿದ್ದಾಗ ದಿನಾ ಕಾಲಿಗೆ ಬಿದ್ದೀನಲ್ರಿ, ಅಷ್ಟು ಸಾಕು.

ನಾ ವಾಗದರಿ ಊರಿಗೆ ಸೊಸಿಯಾಗಿ ಬಂದ ಹೊಸದಾಗ ನಿಮ್ಮ ಅಜ್ಜನ ರೈಫಲ್ ತೋರಿಸಿದ್ರಿ. "ಇದು ಆನಿ ಕೆಡವೂ ಬಂದೂಕು" ಅಂದ್ರಿ. ಹೆಬ್ಬೆರಳು ಹೋಗೂವಷ್ಟು ದೊಡ್ಡ ನಳಗಿ. ಅದರ ಕಾಡತೂಸು ಸೋಲಾಪುರದ ಅಂಗಡ್ಯಾಗ ಬರೂದು ಎಂದೋ ನಿಂತಿತ್ತು. ಅದಕ್ಕ ಮತ್ತ ತುಂಬಾಕಂತ, ಹೊಡದ ಕಾಡತೂಸಿನ ಖಾಲಿ ಹಿತ್ತಾಳಿ ಕೊಳವಿಗೋಳ್ನ ನನ್ನ ಸಾರಿನ ಬೋಗೋಣ್ಯಾಗ ಹುಣಸಿ ನೀರು ಹಾಕಿ ತೊಳಸ್ತಿದ್ರಿ. ಮದ್ದು ತೂಗೂದು, ತುಂಬೂದು, ಗುಂಡು ಕೂಡಸೂದು ಮಾತ್ರ ನೀವ. "ಹೆಂಗಸರ ಕೈ ತಾಗಿದ್ರ ಗುರಿ ತಪ್ತದ" ಅಂತಿದ್ರಿ. ನೆನಪದನ್ರಿ?

ಮನಿಗೆ ಬಂದ ಪಾವುಣ್ಯಾರ ಮುಂದ ನಿಮ್ಮ ಮಗನ, ನನ್ನ ಗಂಡನ ಕೈಗೆ ಅದನ್ನ ಕೊಟ್ಟ ದಿನ... ಅವರು ಒಲ್ಲೆ ಅಂದ್ರು. "ಗಂಡಸಾಗಿದ್ರ ಹೊಡಿ" ಅಂದ್ರಿ. ಹೊಡದ ಕೂಡಲೇ ಹಿಂದಕ್ಕ ಒದ್ದು ಅವರ ಹೆಗಲೆಲುವು ಮುರೀತು. ಮಣ್ಣಾಗ ಬಿದ್ದು ಒದ್ದಾಡಾಕತ್ತಿದ್ರು. ನೀವು ಕಣ್ಣಾಗ ನೀರು ಬರೂಹಂಗ ನಕ್ರಿ. ನಕ್ಕೋತ "ಚಹಾ ತಾ" ಅಂತ ನನಗ ಹೇಳಿದ್ರಿ. ಹೆತ್ತ ತಂದಿ ಏನ್ರಿ ನೀವು?

ಕಡೀ ದಿನಾನೂ ಅದೇ ಪಾವುಣ್ಯಾರಿದ್ರು. ಕಾಡಹಂದಿ ಕೆಡವಿದ ಕತಿ ಹೇಳ್ಕೋತ ಮದ್ದು ಸುರದ್ರಿ. ಮಾತಿನ ಭರದಾಗ ಅದೇ ಕೊಳವಿಗೆ ಮತ್ತ ಸುರದ್ರಿ.

"ಅಪ್ಪಾ, ಅದು ಆಗಲೇ ತುಂಬದ" ಅಂದ್ರು ನಿಮ್ಮ ಮಗ.

"ಹೆಗಲು ಮುರಕೊಂಡಾಂವ ನನಗ ಕಲಸಾಕ ಬಂದಾನ!" ಅಂತ ಎಲ್ಲಾರ್ನೂ ನಗಿಸಿದ್ರಿ. ಹೊಲಕ್ಕ ಹೋಗಿ ಬಂದೂಕಿನ ಕುದರಿ ಎಳದ್ರಿ. ರೈಫಲ್ ನಿಮ್ಮ ಮಾರಿ ಮುಂದನ ಒಡೀತು.

ಸೋಲಾಪುರದ ದವಾಖಾನ್ಯಾಗ ನಾನ ನಿಮ್ಮ ಬಾಯಿಗೆ ಚಮಚದಿಂದ ನೀರು ಬಿಡ್ತಿದ್ನಿ. ಬಲಗೈ ಹೋಗಿತ್ತು, ಒಂದು ಕಣ್ಣು ಹೋಗಿತ್ತು. ಪೊಲೀಸ್ರು ಬಂದು ಕಾಡತೂಸು ಯಾರು ತುಂಬಿದ್ರು ಅಂತ ಕೇಳಿದ್ರು. ಆ ನೀರು ನುಂಗಿ ನೀವು ಹೇಳಿದ್ರಿ: "ಸೊಸಿ." ಅದೇ ನಿಮ್ಮ ಕಡೀ ಮಾತು. ಹಿಂಗ ಯಾಕ ಹೇಳಿದ್ರಿ? ನಿಮ್ಮ ತಪ್ಪಿನ ನಾಚಿಕಿಗೋ, ಇಲ್ಲಾ ನಾ ಹೆಂಗಸಂತೋ?

ಮುಂದಿಂದು ನಿಮಗ ಗೊತ್ತಿಲ್ಲ. ಹೆಣ ಮಣ್ಣಿಗಿಟ್ಟ ಮರುದಿನ ನನ್ನ ಠಾಣೆಗೆ ಕರಸಿದ್ರು. ಎಂದೂ ನಿಮ್ಮ ಮುಂದ ದನಿ ಎತ್ತದ ನಿಮ್ಮ ಮಗ ಬಂದು ಕಂಡದ್ದೆಲ್ಲಾ ಹೇಳಿದ್ರು. "ಸತ್ತ ಅಪ್ಪನ್ನ ಸುಳ್ಳುಗಾರ ಮಾಡ್ತೀ?" ಅಂತ ಫೌಜದಾರ ಮರಾಠ್ಯಾಗ ಗದರಿಸಿದ.

"ನಾ ಮಾಡೂದೇನದ ಸಾಹೇಬ್ರ, ಅಂವ ಮೊದಲಿಂದ ಸುಳ್ಳುಗಾರನ" ಅಂದ್ರು ನಿಮ್ಮ ಮಗ.

ನಿಮ್ಮ ಪಾವುಣ್ಯಾರೂ ಹೌದಂದ್ರು. ಅವತ್ತ ಚಹಾ ಕುಡುದು ನಕ್ಕವರ! ನನ್ನ ಬಿಟ್ಟು ಕಳಿಸಿದ್ರು.

ಮಾವಾರ, ನಮಗ ಗಂಡು ಕೂಸು ಹುಟ್ಯದ. ಅಜ್ಜನ ಹೆಸರು ಇಡೂದು ಮನಿತನದ ಪದ್ಧತಿ ಅಂತ ಊರವರೆಲ್ಲಾ ಹೇಳಿದ್ರು. ಇಟ್ಟಿಲ್ಲ. ನಿಮ್ಮ ಹೆಸರು ಏನಿತ್ತು ಅಂತ ಅಂವ ಕೇಳಿದ್ರೂ ಹೇಳೂದಿಲ್ಲ.