ನಾವು ನೋಡದೆ ಹೋದ ಗೆಲುವು

ಕುರೆಕುಪ್ಪ
ಸೋಮವಾರ

ಮಾವ,

ನಿಮ್ಮ ಸೊಸೆ ಸುಧಾರಾಣಿಯ ನಮಸ್ಕಾರ. ಈ ಕಾಗದವನ್ನು ನೀವು ಓದಲಾರಿರಿ ಎಂದು ನನಗೆ ಗೊತ್ತು. ಅಕ್ಷರ ಕಣ್ಣಿಗೆ ಕಂಡರೂ ಅರ್ಥ ಹತ್ತುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದಾರಲ್ಲ. ತ್ರಿವೇಣಕ್ಕ ಓದಿ ಹೇಳಲು ಒಪ್ಪಿದ್ದಾರೆ. ನನ್ನ ಮಾತು ನಿಮ್ಮ ಮಗಳ ಬಾಯಿಂದ ಬರುವುದು ನಿಮಗೆ ವಿಚಿತ್ರ ಅನ್ನಿಸೀತು. ಅವರಿಗೂ ಅನ್ನಿಸುತ್ತದೆ. ಅಕ್ಕಾ, ನಿಮ್ಮ ವಿಷಯ ಬಂದಾಗ ದಯವಿಟ್ಟು ಬಿಟ್ಟು ಓದಬೇಡಿ.

ಮೊದಲು ಬ್ಯಾಸ್ಕೆಟ್‌ಬಾಲ್ ಸುದ್ದಿ. ನಮ್ಮ ಹೊಸಪೇಟೆ ಟಸ್ಕರ್ಸ್ ಶನಿವಾರ ಮತ್ತೆ ಸೋತಿತು. ಐದು ಪಂದ್ಯಗಳಲ್ಲಿ ಒಂದೇ ಗೆಲುವು. ಪಟ್ಟಿಯಲ್ಲಿ ನಮ್ಮ ಕೆಳಗೆ ಯಾರೂ ಉಳಿದಿಲ್ಲ. ಮೊದಲ ಪಂದ್ಯಕ್ಕೆ ಕಾಲಿಡಲು ಜಾಗವಿಲ್ಲದ ಸ್ಟೇಡಿಯಂ ಈಗ ಅರ್ಧಕ್ಕಿಂತ ಹೆಚ್ಚು ಖಾಲಿ. ಬಂದವರೂ ನಮ್ಮವರನ್ನೇ ಬೈಯಲು ಬಂದ ಹಾಗಿದ್ದರು. ಚೋರನೂರಿನ ನಿಮ್ಮ ಓಬಳೇಶನನ್ನು ಕೋಚ್ ಬಹಳ ಹೊತ್ತು ಬೆಂಚಿನಲ್ಲೇ ಕೂರಿಸಿದ್ದ. ಕೊನೆಗೆ ಒಳಗೆ ಬಿಟ್ಟಾಗ ಹುಡುಗ ಚೆಂಡು ಹಿಡಿದು ನುಗ್ಗಿದ ರೀತಿಗೆ ನನ್ನ ಪಕ್ಕದ ಹೆಂಗಸು ಕುರ್ಚಿಯ ಮೇಲೆ ಹತ್ತಿ ನಿಂತಳು. ನಾವು ಒಂದೇ ಅಂಕ ಹಿಂದಿದ್ದೆವು. ಅವನನ್ನು ಫೌಲ್ ಮಾಡಿದರು. ಎರಡು ಫ್ರೀ ಥ್ರೋ ಸಿಕ್ಕಿತು. ಎರಡೂ ರಿಂಗಿಗೆ ತಾಗಿ ಹೊರಗೆ ಬಿದ್ದವು, ಮಾವ. ಅವನು ಅಲ್ಲೇ ಗೆರೆಯ ಮೇಲೆ ಕೂತುಬಿಟ್ಟ. ಹಿಂದಿನಿಂದ ಯಾರೋ, "ಲೇ, ಕುರಿ ಕಾಯಾಕ ಹೋಗಲೇ" ಎಂದು ಕೂಗಿದರು. ನೀವಿದ್ದಿದ್ದರೆ ಎದ್ದು ನಿಂತು ಆ ಕೂಗಿದವನಿಗೊಂದು ಉತ್ತರ ಕೊಡುತ್ತಿದ್ದಿರಿ. ನನಗೆ ಧೈರ್ಯ ಬರಲಿಲ್ಲ.

ನನಗೂ ಈ ಆಟಕ್ಕೂ ಏನು ಸಂಬಂಧವಿತ್ತು? ಸಂಡೂರಿನ ಶಾಲೆಯಲ್ಲಿ ಕೊಕ್ಕೊ ಆಡಿದ್ದೇ ಕೊನೆ. ಮದುವೆಯಾಗಿ ಬಂದ ಹೊಸತರಲ್ಲಿ, ಕಾಲನಿಯ ಹಳೆಯ ಸಿಮೆಂಟು ಅಂಗಳದಲ್ಲಿ ಬಲೆಯಿಲ್ಲದ ತುಕ್ಕು ರಿಂಗಿಗೆ ನೀವು ಒಬ್ಬರೇ ಚೆಂಡು ಎಸೆಯುತ್ತಿದ್ದುದನ್ನು ನೋಡಿ ನಾನೂ ನಿಮ್ಮ ಮಗ ಹಾಲೇಶರೂ ನಕ್ಕಿದ್ದೆವು. "ಅಪ್ಪ ಒಂದು ಕಾಲದಾಗ ಫ್ಯಾಕ್ಟರಿ ಟೀಮಿನ ಕ್ಯಾಪ್ಟನ್ ಇದ್ದ" ಎಂದು ಅವರು ಹೇಳಿದ್ದರು. ಆ ಮಾತು ನನ್ನ ಕಿವಿಯಲ್ಲಿ ಬಿತ್ತು, ಅಷ್ಟೆ.

ಆಮೇಲೆ ಹಾಲೇಶ್ ಹೋದರು. ತೋರಣಗಲ್ಲು ದಾರಿಯಲ್ಲಿ, ಅದಿರಿನ ಲಾರಿಗೆ ಸಿಕ್ಕಿ. ಅದರ ಬಗ್ಗೆ ಬರೆಯುವುದಿಲ್ಲ. ಅಲ್ಲಿಂದ ಮುಂದೆ ವರ್ಷದವರೆಗೆ ನಾನು ವೇ ಬ್ರಿಡ್ಜಿನ ಕೆಲಸಕ್ಕೆ ಹೋಗಿ, ದಿನವಿಡೀ ಅಂಥವೇ ಲಾರಿಗಳ ತೂಕ ಕಂಪ್ಯೂಟರಿಗೆ ತುಂಬಿ, ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದೆ. ಅತ್ತೆ ಒಂದು ಕೋಣೆಯಲ್ಲಿ ಅಳುತ್ತಿದ್ದರು. ನಾನು ಇನ್ನೊಂದರಲ್ಲಿ. ನೀವು ನಡುಮನೆಯಲ್ಲಿ ಪೇಪರು ಹಿಡಿದು, ಎರಡೂ ಬಾಗಿಲಿನಿಂದ ಬರುವ ಸದ್ದು ಕೇಳುತ್ತಾ ಕೂತಿರುತ್ತಿದ್ದಿರಿ.

ಹೊಸಪೇಟೆಗೆ ಸ್ವಂತ ಟೀಮು ಬಂತೆಂದು ಸುದ್ದಿಯಾದ ದಿನ ನೀವು ನನ್ನ ಬಾಗಿಲಲ್ಲಿ ನಿಂತಿರಿ.

"ಯವ್ವಾ ಸುಧಾ, ಶನಿವಾರ ಹೋಗಿ ಬರೋಣ ಬಾ. ಗ್ವಾಡಿ ನೋಡಿದ್ದು ಸಾಕು."

ಅಡುಗೆಮನೆಯಿಂದ ಅತ್ತೆ, "ಸೊಸಿನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಆಟ ನೋಡಾಕ ಹೊಂಟಾನ ಅಂತ ಮಂದಿ ಅನ್ನಂಗಿಲ್ಲೇನು?" ಎಂದರು.

"ಅಂದ್ರ ಅನ್ಲಿ ಬಿಡು, ವಿರುಪಮ್ಮಾ. ಅಂದೋರಿಗೂ ಒಂದೊಂದು ಟಿಕೆಟ್ ತಂದು ಕೊಡ್ತೀನಿ."

ಆ ಮನೆಯಲ್ಲಿ ಬಹಳ ದಿನದ ಮೇಲೆ ಯಾರೋ ತಮಾಷೆ ಮಾಡಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಸ್ಕೂಟರು ಹಾಲೇಶ್ ಹೋದ ಆ ತಿರುವಿಗೆ ಬಂದಾಗ ನೀವು ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಅದು ದಾಟಿದ ಮೇಲೆ ಮಾತ್ರ, "ಪಾಯಿಂಟ್ ಗಾರ್ಡ್ ಅಂದ್ರ ಮನಿಗೆ ಹಿರಿಸೊಸಿ ಇದ್ದಂಗ ನೋಡು. ಯಾರಿಗೆ ಯಾವಾಗ ಏನು ಕೊಡಬೇಕು ಅಂತ ಆಕಿಗೆ ಗೊತ್ತಿರಬೇಕು" ಎಂದು ಪಾಠ ಶುರು ಮಾಡಿದಿರಿ.

ಮೊದಲ ಪಂದ್ಯ ಸೋತೆವು. ಎರಡನೆಯದನ್ನು ಇನ್ನೂ ಹೀನಾಯವಾಗಿ ಸೋತೆವು. ಎರಡೂ ಸಲ ನೀವು ದಾರಿಯುದ್ದಕ್ಕೂ ಕೋಚ್‌ಗೆ ಬೈದಿರಿ. "ಆ ಚೋರನೂರು ಹುಡುಗನ್ನ ಒಳಗ ಬಿಡಬೇಕು ನೋಡವ್ವಾ. ಉಳಿದೋರು ಬರೇ ಮೈ ಬೆಳೆಸ್ಯಾರ, ಆಟ ಇರೋದು ಅವ್ನ ಕಣ್ಣಾಗ." ಸ್ಕೂಟರಿನ ಕನ್ನಡಿಯಲ್ಲಿ ನಿಮ್ಮ ಮುಖ ನೋಡಿದೆ. ಸಿಟ್ಟು ಬಂದಿತ್ತು. ನನಗೂ ಸಿಟ್ಟು ಬಂದಿತ್ತು. ಆ ಕೋಚ್ ಮೇಲೆ, ಆ ರೆಫರಿ ಮೇಲೆ, ಮೂರನೇ ಕ್ವಾರ್ಟರಿನಲ್ಲಿ ಸುಮ್ಮನೆ ಚೆಂಡು ಕಳೆದುಕೊಂಡ ನಮ್ಮವರ ಮೇಲೆ. ಸಿಟ್ಟು ಬರುವುದೆಂದರೆ ಬದುಕಿರುವುದು ಎಂದು ಆ ದಿನ ಅನ್ನಿಸಿತು. ಅದನ್ನು ನಿಮಗೆ ಹೇಳಬೇಕೆಂದಿದ್ದೆ. ಸೊಸೆಯಾದವಳು ಮಾವನಿಗೆ ಅಂಥದ್ದನ್ನು ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ.

ಮೂರನೇ ಪಂದ್ಯ. ಕೋಚ್ ಕೊನೆಗೂ ಓಬಳೇಶನನ್ನು ಎಬ್ಬಿಸಿದ. ಅವನು ಜಾಕೆಟ್ ಬಿಚ್ಚುತ್ತಿದ್ದಂತೆ ನೀವು ಎದ್ದು ನಿಂತಿರಿ. ನಿಮ್ಮ ಕೈಯಲ್ಲಿದ್ದ ಮಿರ್ಚಿ ನನ್ನ ಸೀರೆಯ ಮೇಲೆ ಬಿತ್ತು. ತಮಾಷೆ ಅಂದುಕೊಂಡೆ. ನೀವು ಏನೋ ಹೇಳಿದಿರಿ, ಮಾತು ತೊದಲಿತು. ತುಟಿಯ ಒಂದು ತುದಿ ಕೆಳಗೆ ಜಾರಿತ್ತು. ಬಲಗಾಲು ನಿಮ್ಮದಲ್ಲವೆಂಬಂತೆ ಮಡಚಿಕೊಂಡಿತು.

ನಮ್ಮ ಹಿಂದೆ ಕೂತಿದ್ದ ನಾಲ್ಕೈದು ಜನ ನಿಮ್ಮನ್ನು ಎತ್ತಿದರು. ಅವರ ಹೆಸರೂ ಕೇಳಲಿಲ್ಲ. ಹೊರಗಿನ ಮೆಟ್ಟಿಲ ಹತ್ತಿರ ಆಟೋ ಬರುವಾಗ ಒಳಗಿನಿಂದ ದೊಡ್ಡ ಗದ್ದಲ ಕೇಳಿಸಿತು. ಇಡೀ ಕಟ್ಟಡವೇ ಕೂಗಿದ ಹಾಗೆ. ನಿಮ್ಮನ್ನು ಹಿಡಿದಿದ್ದ ಒಬ್ಬ ಹುಡುಗ ಒಂದು ಕ್ಷಣ ತಿರುಗಿ ನೋಡಿದ, ಮತ್ತೆ ನಿಮ್ಮ ತಲೆ ಸರಿಮಾಡಿದ. ಅದೇ ನಮ್ಮ ಟೀಮಿನ ಗೆಲುವು. ಈ ಸೀಸನ್‌ನಲ್ಲಿ ನಮಗೆ ಸಿಕ್ಕ ಒಂದೇ ಒಂದು. ಇಬ್ಬರೂ ನೋಡಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ನಿಮಗೆ ಎಚ್ಚರವಾದಾಗ ನಿಮ್ಮ ಹತ್ತಿರ ಒಂದೇ ಮಾತು ಉಳಿದಿತ್ತು. "ಆಯ್ತು." ನೀರು ಬೇಕೇ ಎಂದರೆ ಆಯ್ತು. ನೋವಿದೆಯೇ ಎಂದರೆ ಆಯ್ತು. ನಿಮ್ಮ ಹೆಸರೇನು ಎಂದು ಡಾಕ್ಟರು ಕೇಳಿದರೆ, ಎರ್ರಿಯಪ್ಪ ಎನ್ನಲು ಹೋಗಿ, ಬೆವರಿ, ಕೊನೆಗೆ ಆಯ್ತು. ಹೀಗೆ ಒಂದು ಮಾತಷ್ಟೇ ಉಳಿಯುವುದುಂಟು, ಬಾಯಿ ಅನ್ನುವುದಕ್ಕೂ ಮನಸ್ಸಿನಲ್ಲಿ ಇರುವುದಕ್ಕೂ ಸಂಬಂಧ ಇರಬೇಕೆಂದಿಲ್ಲ ಎಂದು ಅವರು ನಮಗೆಲ್ಲ ಹೇಳಿದರು. ಎಲ್ಲರೂ ತಲೆಯಾಡಿಸಿದೆವು.

ನಾನು ನಿಮಗೆ ಗೆಲುವಿನ ಸುದ್ದಿ ಹೇಳಿದೆ. ಓಬಳೇಶ ಹೇಗೆ ಆಡಿದನೆಂದು ಪೇಪರಿನಲ್ಲಿ ಬಂದಷ್ಟನ್ನೂ ಓದಿದೆ. ನಿಮ್ಮ ಎಡಗಣ್ಣಿನಿಂದ ನೀರು ಹರಿಯಿತು. ಆಮೇಲೆ ಬೇರೆ ಊರಿನಲ್ಲಿ ನಡೆದ ನಾಲ್ಕನೇ ಪಂದ್ಯವನ್ನು ನಿಮ್ಮ ಮಂಚದ ಪಕ್ಕ ಫೋನಿನಲ್ಲಿ ನೋಡಿ, ಮುಗಿದ ಮೇಲೆ ಹೇಳಿದೆ. "ಸೋತ್ವಿ ಮಾವಾ. ಅಷ್ಟು ಗೆಲ್ಸಿಕೊಟ್ಟ ಓಬಳೇಶನ್ನ ಮತ್ತ ಬೆಂಚಿನ ಮ್ಯಾಲೇ ಕುಂದ್ರಿಸಿದ್ರು. ಕೋಚ್ ಮಾಡಿದ್ದು ಬರೋಬ್ಬರಿ ಏನ್ರಿ?" ನಿಮ್ಮ ಬಾಯಿ "ಆಯ್ತು" ಅಂದಿತು. ಆದರೆ ನೀವು ಮುಖವನ್ನು ಗೋಡೆಯ ಕಡೆ ತಿರುಗಿಸಿದಿರಿ. ನಾನು ಮತ್ತೆ ಕೇಳಿದೆ. ಮತ್ತೆ ಗೋಡೆ. "ಓಬಳೇಶನ್ನ ಆಡಿಸಬೇಕಿತ್ತೇನ್ರಿ?" ಎಂದಾಗ ಮುಖ ನನ್ನ ಕಡೆ ಬಂತು. ಆ ಹೊತ್ತಿಗೆ ನನಗೆ ನಿಮ್ಮ 'ಇಲ್ಲ' ಯಾವುದೆಂದು ತಿಳಿಯಿತು. ಕೋಚ್ ಒಬ್ಬ ನಿಮಗೆ ಅಷ್ಟು ಸಿಟ್ಟು ತರಿಸದಿದ್ದರೆ ಅದು ಎಂದಿಗೂ ತಿಳಿಯುತ್ತಿರಲಿಲ್ಲವೇನೋ.

ಬಿಡುಗಡೆಯ ದಿನ ತ್ರಿವೇಣಕ್ಕ ನಿಮ್ಮ ಮಂಚದ ಹತ್ತಿರ ಬಾಗಿ, "ಅಪ್ಪಾ, ಕಂಪ್ಲಿಗೆ ನಮ್ಮನಿಗೆ ಬರ್ತೀಯಲ್ಲ?" ಎಂದರು. ನೀವು "ಆಯ್ತು" ಎಂದಿರಿ. ಎಲ್ಲರಿಗೂ ನಿರಾಳವಾಯಿತು. ನಿಮ್ಮ ಮುಖ ಗೋಡೆಯ ಕಡೆಗಿತ್ತು. ನೋಡಿದ್ದು ನಾನೊಬ್ಬಳೇ. ವರಾಂಡದಲ್ಲಿ ಅಕ್ಕನಿಗೆ ಹೇಳಿದೆ. ಅವರು ಎಲ್ಲರೆದುರಿಗೇ ನನ್ನ ಮೇಲೆ ಹರಿಹಾಯ್ದರು.

"ಆಟ ಆಟ ಅಂತ ತಿರುಗಾಡ್ಸಿ ನಮ್ಮಪ್ಪಗ ಈ ಗತಿ ತಂದಿ. ಈಗ ಆತನ ಮಾರಿ ಓದಾಕ ಕಲ್ತೀಯೇನು? ನಾ ಆತನ ಮಗಳು. ನೀ ಯಾರು?"

ಅಕ್ಕಾ, ಇದನ್ನೂ ಓದಿ. ನಾನು ದೂರು ಬರೆಯುತ್ತಿಲ್ಲ. ನೀವು ಕೇಳಿದ್ದು ತಪ್ಪಲ್ಲ. ಗಂಡ ಸತ್ತ ಮೇಲೆ ಆ ಮನೆಗೆ ನಾನು ಯಾರೆಂದು ನಾನೂ ಕೇಳಿಕೊಂಡಿದ್ದೆ. ಅದಕ್ಕೆ ಉತ್ತರ ಕೊಟ್ಟವರು ನಿಮ್ಮ ಅಪ್ಪ ಒಬ್ಬರೇ. ಅದೂ ಮಾತಿನಲ್ಲಲ್ಲ, ಒಂದು ಟಿಕೆಟಿನಲ್ಲಿ.

ಕಾರು ಕಂಪ್ಲಿಯ ಕಡೆ ಹೋಯಿತು. ಅತ್ತೆಯೂ ಜೊತೆಗೆ ಹೋದರು. ಕುರೆಕುಪ್ಪದ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಆದರೆ ಸುಮ್ಮನೆ ಕೂರಲಿಲ್ಲ, ಮಾವ. ಹಗಲು ಹೊತ್ತಿನಲ್ಲಿ ನಿಮ್ಮ ಜೊತೆ ಇರಲು ಪಕ್ಕದ ಮನೆಯ ಪಕೀರಮ್ಮನನ್ನು ಒಪ್ಪಿಸಿದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ನಿಮ್ಮ ಮಂಚವನ್ನು ಕಿಟಕಿಯ ಹತ್ತಿರ ಎಳೆದೆ, ಅಲ್ಲಿಂದ ಆ ತುಕ್ಕು ರಿಂಗು ಕಾಣುತ್ತದೆಂದು. ಆಮೇಲೆ ನಿಮ್ಮನ್ನು ಇಲ್ಲಿಗೆ ಕಳಿಸಿ ಎಂದು ದಿನಾ ಅಕ್ಕನಿಗೆ ಫೋನು ಮಾಡಿದೆ. ಒಂದು ದಿನ ಬೇಸತ್ತು ಅವರು, "ನೀನೇ ಬಂದು ಕೇಳು. ಗ್ವಾಡಿ ಕಡೆ ಮಾರಿ ತಿರುಗಿಸ್ಲಿಲ್ಲ ಅಂದ್ರ ನಾನೇ ಗಾಡಿ ಮಾಡಿ ಕಳಸ್ತೀನಿ" ಎಂದುಬಿಟ್ಟರು.

ನಿನ್ನೆ ದರೋಜಿ ದಾರಿಯ ಬಸ್ಸು ಹಿಡಿದು ಕಂಪ್ಲಿಗೆ ಬಂದೆ. ನಿಮಗೆ ಕ್ಷೌರ ಮಾಡಿಸಿದ್ದರು. ಬಿಳಿ ಬನಿಯನ್, ಒಗೆದ ಪಂಚೆ, ಶುದ್ಧವಾದ ಹಾಸಿಗೆ. ಅಕ್ಕ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಅದನ್ನು ನೋಡಿ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಶನಿವಾರದ ಪಂದ್ಯ ಪೂರ್ತಿ ಹೇಳಿದೆ. ಫ್ರೀ ಥ್ರೋ ತಪ್ಪಿದ್ದಕ್ಕೆ ನೀವು ಕಣ್ಣು ಮುಚ್ಚಿದಿರಿ. ಆಮೇಲೆ ಅಕ್ಕ ಬಾಗಿಲಲ್ಲಿ ನಿಂತಿರುವಾಗಲೇ ಕೇಳಿದೆ.

"ಮಾವಾ, ನನ್ನ ಜೋಡಿ ಕುರೆಕುಪ್ಪಕ್ಕ ಬರ್ತೀರೇನ್ರಿ?"

"ಆಯ್ತು" ಎಂದಿರಿ. ಮತ್ತೆ ನಿಧಾನವಾಗಿ, ಕುತ್ತಿಗೆಯ ನರ ಬಿಗಿದು ಕಾಣುವ ಹಾಗೆ, ಮುಖವನ್ನು ಗೋಡೆಗೆ ತಿರುಗಿಸಿದಿರಿ.

ನಾನು ಪಕೀರಮ್ಮನ ವಿಷಯ ಹೇಳಿದೆ, ಕಿಟಕಿಯ ವಿಷಯ ಹೇಳಿದೆ, ಮತ್ತೆ ಕೇಳಿದೆ. ನೀವು ತಿರುಗಲಿಲ್ಲ. ನಿಮ್ಮ ಎಡಗೈ ಹಾಸಿಗೆಯ ಮೇಲೆ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ ಹಿಡಿಯಿತು. ಕರೆಯುತ್ತಿದ್ದೀರಿ ಎಂದುಕೊಂಡೆ. ಆಮೇಲೆ ಅದೇ ಕೈ ನನ್ನನ್ನು ಬಾಗಿಲ ಕಡೆಗೆ ತಳ್ಳಿತು. ಒಮ್ಮೆ ಅಲ್ಲ. ನಾನು ಏಳುವವರೆಗೂ ತಳ್ಳಿತು.

ಪಂತದಲ್ಲಿ ತ್ರಿವೇಣಕ್ಕ ಗೆದ್ದರು. ಆದರೆ ಅವರ ಮುಖ ಗೆದ್ದವರ ಮುಖದ ಹಾಗಿರಲಿಲ್ಲ. ಗೇಟಿನವರೆಗೂ ನನ್ನ ಜೊತೆ ಬಂದರು. ನಿಮ್ಮನ್ನು ಕಂಪ್ಲಿಗೆ ಕರೆದುಕೊಂಡು ಬರುವಾಗಲೂ ಕಾರಿನಲ್ಲಿ ನೀವು ದಾರಿಯುದ್ದಕ್ಕೂ ಮುಖ ತಿರುಗಿಸಿಯೇ ಕೂತಿದ್ದಿರಿ, ಅದು ಕಿಟಕಿಯ ಗಾಳಿಗೆಂದು ತಾವು ತಿಳಿದಿದ್ದಾಗಿ ಹೇಳಿದರು. ಆಮೇಲೆ, "ಅದೇನು ಫ್ರೀ ಥ್ರೋ ಅಂದ್ರ?" ಎಂದು ಕೇಳಿದರು.

"ಯಾರೂ ಅಡ್ಡ ಬರಂಗಿಲ್ಲ ಅಕ್ಕಾ. ಎಲ್ಲಾರೂ ಸುಮ್ಮನ ನಿಂತು ನೋಡ್ತಾರ. ಅಷ್ಟಿದ್ರೂ ಒಮ್ಮೊಮ್ಮೆ ತಪ್ಪತೈತಿ."

ಅವರು ಗೇಟಿನ ಚಿಲಕ ತೆಗೆದರು. "ಕಾಗದ ಬರದು ಕಳಸು. ಅಪ್ಪಗ ಓದಿ ಹೇಳ್ತೀನಿ" ಎಂದರು.

ಮಾವ, ಮನೆ ಖಾಲಿ ಮಾಡುತ್ತಿದ್ದೇನೆ. ಬಾಡಿಗೆ ಕಟ್ಟಿಕೊಂಡು ಅಷ್ಟು ದೊಡ್ಡ ಮನೆ ಒಬ್ಬಳಿಗೆ ಬೇಕಿಲ್ಲ. ಅತ್ತೆಯ ಪಾತ್ರೆಗಳನ್ನು ಟ್ರಾಲಿಯಲ್ಲಿ ಕಳಿಸುತ್ತೇನೆ. ಸುದ್ದಿ ತಿಳಿದು ಇವತ್ತು ಬೆಳಿಗ್ಗೆ ಸಂಡೂರಿನಿಂದ ನನ್ನ ಅಣ್ಣ ಉಚ್ಚೆಂಗಪ್ಪ ಬಂದಿದ್ದ. ಇನ್ನು ಇಲ್ಲೇನಿದೆ, ತವರಿಗೆ ನಡೆ ಎಂದು ನನ್ನ ಸೂಟ್‌ಕೇಸನ್ನೂ ಕೈಗೆತ್ತಿಕೊಂಡ. ನಾನು ಅದನ್ನು ಅವನ ಕೈಯಿಂದ ಬಿಡಿಸಿಕೊಂಡೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ನೋಡಿದ್ದೇನೆ. ಕೆಲಸ ಇಲ್ಲೇ ಇದೆ. ಶನಿವಾರ ಹೊಸಪೇಟೆಗೆ ಬಸ್ಸೂ ಇದೆ. ಒಂಟಿ ಹೆಂಗಸು ಆಟ ನೋಡಲು ಹೋಗುತ್ತಾಳೆ ಎಂದು ಅನ್ನುವವರು ಅಂದಾರು. ಅವರಿಗೆ ಟಿಕೆಟ್ ಕೊಡಿಸುವಷ್ಟು ಗುಂಡಿಗೆ ನನಗಿಲ್ಲ. ಹೋಗುವಷ್ಟು ಇದೆ.

ನೀವು ನನ್ನನ್ನು ಬಾಗಿಲ ಕಡೆಗೆ ತಳ್ಳಿದಿರಿ. ಸಂಡೂರಿನ ಕಡೆಗಲ್ಲ, ಇನ್ನೊಂದು ಗೋಡೆಯ ಕಡೆಗೂ ಅಲ್ಲ ಎಂದು ನಾನು ತಿಳಿದಿದ್ದೇನೆ. ನಾನು ತಿಳಿದದ್ದು ತಪ್ಪಾಗಿದ್ದರೆ ತಿದ್ದಲು ನಿಮಗೆ ಮಾತಿಲ್ಲ. ಆದ್ದರಿಂದ ತಿಳಿದ ಹಾಗೆಯೇ ನಡೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳಿ. ಕಾಲು ತಿಕ್ಕುವವನು ಬಂದರೆ ಸಿಟ್ಟಾಗಬೇಡಿ. ಅತ್ತೆಗೆ ನನ್ನ ನಮಸ್ಕಾರ, ಓದಿದ ಅಕ್ಕನಿಗೂ. ವಯಸ್ಸಿನಲ್ಲಿ ಸಣ್ಣವಳು ದೊಡ್ಡವರಿಗೆ ಹರಸಬಾರದು ಅನ್ನುತ್ತಾರೆ. ಆದರೂ ಹರಸುತ್ತೇನೆ, ಮಾವ. ನಿಮ್ಮ ನಿದ್ದೆಯಲ್ಲಿ ನೋವಿಲ್ಲದಿರಲಿ. ಎಚ್ಚರವಿದ್ದಾಗ ನಿಮ್ಮ ಪಕ್ಕದಲ್ಲಿ ಯಾರಾದರೂ ಇರಲಿ.

ನಿಮ್ಮ ಮನೆಯಲ್ಲಿ ಸೊಸೆಯಾಗಿದ್ದ, ಇನ್ನೂ ಆಗಿರುವ,
ಸುಧಾರಾಣಿ