ಮಾದಪ್ಪನ ಗ್ರೂಪಿಗೆ ಬೀಗ

14 ಜುಲೈ 2025, ಸೋಮವಾರ

ಹಾಲು ಕಾಯಿಸಲು ಇಟ್ಟು ಗ್ರೂಪ್ ನೋಡಿದೆ. ಗುಲಾಬಿ ಹೂವಿನ ಗುಡ್ ಮಾರ್ನಿಂಗುಗಳ ರಾಶಿ. ಫ್ರಿಜ್ಜಿನಲ್ಲಿಟ್ಟ ಹಿಟ್ಟು ವಿಷ ಅಂತ ಒಂದು ಫಾರ್ವರ್ಡ್. ಅದರ ಕೆಳಗೇ ನಮ್ಮ ಬಾವನವರು, ಅಂದರೆ ಯಜಮಾನರ ಅಣ್ಣ, ಹಾಕಿದ ತಮ್ಮ ಅಂಗಡಿಯ ಫ್ರಿಜ್ಜಿನ ಆಷಾಢ ಆಫರ್! ಯಾರಿಗೂ ನಗು ಬಂದಿಲ್ಲ. ನಾನೊಬ್ಬಳೇ ನಕ್ಕೆ, ಹಾಲು ಉಕ್ಕಿತು.

ಯಳಂದೂರಿನ ಚಿಕ್ಕನಿಂಗಮ್ಮನ ವಾಯ್ಸ್ ಎಂದಿನಂತೆ. "ಉಘೇ ಮಾದಪ್ಪ… ಎಲ್ಲಾರೂ ಎದ್ರಾ? ನಾ ಎದ್ದೀನಿ." ಅಷ್ಟೇ. ದಿನಾ ಅಷ್ಟೇ.

ಈ ಗ್ರೂಪು ನನ್ನ ಕೈಯಾರೆ ಕಟ್ಟಿಕೊಂಡದ್ದು. ಒಂದು ವರ್ಷ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೊರಟಾಗ ಮಜ್ಜಿಗೆ ಯಾರು ತರ್ತಾರೆ, ಟೆಂಪೋ ಎಲ್ಲಿ ನಿಲ್ಲುತ್ತೆ ಅಂತ ತಿಳಿಸೋದಕ್ಕೆ ಮಾಡಿದ್ದು. ಕೊಳ್ಳೇಗಾಲ, ಹನೂರು, ಯಳಂದೂರು — ಮೂರೂ ಕಡೆಯವರಿದ್ದಾರೆ. ಡಿಪಿ ಹುಲಿ ಮೇಲೆ ಕೂತ ಮಾದಪ್ಪ. ಅಡ್ಮಿನ್ ನಾನೊಬ್ಬಳೇ. ಕಾಲಿನ ಬೊಬ್ಬೆ ಒಣಗಿತು, ಗ್ರೂಪು ಒಣಗಲಿಲ್ಲ. ದೇವರ ಗ್ರೂಪಿಂದ ಬಿಟ್ಟು ಹೋದರೆ ಏನಾದರೂ ಆದೀತು ಅನ್ನೋ ಭಯಕ್ಕೆ ಒಬ್ಬರೂ ಅಲ್ಲಾಡಲ್ಲ. ಒಬ್ಬನನ್ನು ಒಂದು ಸಲ ತೆಗೆದೆ. ಅವನ ಹೆಂಡತಿ ಮನೆಗೇ ಬಂದಳು. "ಮಾದಪ್ಪನ್ ತಾವಿಂದ ಆಚ್ಗೆ ನೂಕ್ದ್ಯಲ್ಲವ್ವ, ನಮ್ಗೇನಾರ ಆದ್ರೆ?" ಸಂಜೆಯೇ ಮತ್ತೆ ಸೇರಿಸಿದೆ.

17 ಜುಲೈ

ತಿಂಡಿಗೆ ಕೂತು ಬಾವನವರ ಭಾಷಣ. "ಬಸ್ಸು ಪುಕ್ಸಟ್ಟೆ ಆದ್ಮೇಲೆ ಎಂಗಸ್ರು ಮನ್ಲೇ ನಿಲ್ಲದಿಲ್ಲ ಕಣ್ಲಾ." ಹೇಳಿದ್ದು ನಮ್ಮ ಯಜಮಾನರಿಗೆ. ಇವರು ಅಣ್ಣನ ಫ್ರಿಜ್ಜು, ಬ್ಯಾಟರಿ ಗಾಡಿ ಅಂಗಡಿಯಲ್ಲೇ ಕೆಲಸ ಮಾಡೋರು, ಅಣ್ಣನ ಮಾತಿಗೆ ಹೂಂ ಅನ್ನೋದೂ ಆ ಕೆಲಸದಲ್ಲೇ ಸೇರಿದೆ. ಹೂಂ ಅಂದರು. ನಾನು ಉಪ್ಪಿಟ್ಟು ಬಡಿಸುತ್ತಾ ಇದ್ದೆ. ಮನೆಯಲ್ಲಿ ನಿಲ್ಲದ ಹೆಂಗಸು ಯಾರು ಅಂತ ತಿರುಗಿ ನೋಡಿದೆ. ಮಹಾದೇವಮ್ಮಕ್ಕ — ಬಾವನವರ ಹೆಂಡತಿ — ಚಟ್ನಿ ರುಬ್ಬುತ್ತಿದ್ದಳು.

ಯುಗಾದಿ ಆದಮೇಲೆ ತವರಿಗೆ, ಹನೂರಿಗೆ, ಹೋಗಿಲ್ಲ. ಅವ್ವ ಅಲ್ಲಿ, ನನ್ನ ಒಡಹುಟ್ಟಿದ ಬಸವೇಶಣ್ಣ ಅಲ್ಲಿ. ಹನೂರಿನ ಬಸ್ಸು ಕೊಳ್ಳೇಗಾಲದ ನಮ್ಮ ಬೀದಿಯ ತುದಿಯಲ್ಲೇ ಹೋಗುತ್ತೆ. ಟಿಕೆಟ್ಟು ಫ್ರೀ. ಹೋಗೋದು ಫ್ರೀ ಅಲ್ಲ. ಇದು ನನ್ನ ರಾಜಕೀಯ ಅಭಿಪ್ರಾಯ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಗೌರಿ ಹಬ್ಬಕ್ಕೆ ಹೇಗೂ ಅಣ್ಣ ಬರ್ತಾನೆ. ಅರಿಶಿನ ಕುಂಕುಮ, ಒಂದು ಸೀರೆ, ಅವ್ವ ಮಾಡಿದ ಕಜ್ಜಾಯ. ನನ್ನ ಪಾಲಿಗೆ ವರ್ಷದಲ್ಲಿ ಅದೊಂದು ದಿನ. ಅವನ ಹಳೇ ಬೈಕು ಬೀದಿಯ ತಿರುವಿಗೆ ಬಂದರೆ ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು, ಸೈಲೆನ್ಸರ್ ಅಷ್ಟು ಕೆಟ್ಟದ್ದು. ಈಗ ಅದನ್ನು ಮಾರಿ ಬಾವನವರ ಅಂಗಡಿಯಲ್ಲೇ ಬ್ಯಾಟರಿ ಗಾಡಿ ತಗೊಂಡಿದ್ದಾನೆ. ಸಂಬಂಧಿಕರ ಅಂಗಡಿ ಬಿಟ್ಟು ಬೇರೆ ಕಡೆ ಹೋದರೆ ಏನಂದುಕೊಳ್ತಾರೋ ಅಂತ.

27 ಜುಲೈ, ಭಾನುವಾರ

ಆಯ್ತು. ಮುಗೀತು.

ಅಣ್ಣ ವೀಡಿಯೋ ಹಾಕಿದ್ದಾನೆ, ಮಾದಪ್ಪನ ಗ್ರೂಪಿಗೇ. ಮಾದಪ್ಪನ ಬೆಟ್ಟದ ದಾರಿಯಲ್ಲಿ, ತಾಳಬೆಟ್ಟದ ಏರಿನಲ್ಲಿ ಗಾಡಿ ನಿಂತಿದೆ. ಹಿಂದೆ ಬಸ್ಸು ಹಾರನ್ ಹೊಡೀತಿದೆ. ಅಣ್ಣನ ದನಿ: "ನೋಡ್ರಪ್ಪ, ನಮ್ ಬಾವ್ನೋರ್ ಅಂಗ್ಡಿ ಗಾಡಿ. ಪೋಸ್ಟರ್ನಲ್ಲಿ ಇಮಾಲಯ ಅತ್ತುತದ. ಇಲ್ಲಿ ತಾಳಬೆಟ್ಟ ಅತ್ತನಾರ್ದು!"

ಬಾವನವರು ಅಂಗಡಿಯಿಂದಲೇ ಉತ್ತರ ಹಾಕಿದರು: "ನಿಮ್ ಪಕ್ಷದೋರು ರೋಡ್ ನೆಟ್ಗೆ ಮಾಡಿದ್ರೆ ಗಾಡಿ ಯಾಕ್ ನಿಲ್ತಿತ್ತು?"

ಅಣ್ಣ: "ನಿಮ್ ಪಕ್ಷದೋರು ಪೆಟ್ರೋಲ್ ರೇಟ್ ಏರುಸ್ದೆ ಇದ್ದಿದ್ರೆ ಬ್ಯಾಟ್ರಿ ಗಾಡಿ ಯಾರ್ ತಕತಿದ್ರು?"

ಅಲ್ಲಿಗೆ ಗಾಡಿ ಮೂಲೆಗೆ ಹೋಯಿತು. ಅಕ್ಕಿ, ಓಟಿನ ಮಷೀನು, ಗ್ಯಾಸು, ಚೀನಾದ ಮೊಬೈಲು… ಬೆಟ್ಟಕ್ಕೆ ಒಟ್ಟಿಗೆ ನಡೆದವರು, ಒಬ್ಬರ ಬುತ್ತಿ ಒಬ್ಬರು ಉಂಡವರು, ಒಬ್ಬರನ್ನೊಬ್ಬರು ಏನೇನೋ ಅಂದರು. ನಡುವೆ ಲೊಕ್ಕನಹಳ್ಳಿಯವನೊಬ್ಬ ಮೇಕೆ ಮಾರಾಟಕ್ಕಿದೆ ಅಂತ ಫೋಟೋ ಹಾಕಿದ. ಗ್ರೂಪಿನಲ್ಲಿ ನೆಟ್ಟಗಿದ್ದದ್ದು ಆ ಮೇಕೆ ಒಂದೇ.

30 ಜುಲೈ

ಬಾವನವರು ಸ್ನಾನಕ್ಕೆ ಹೋದಾಗ ಅವ್ವನಿಗೆ ಫೋನ್ ಮಾಡಿದೆ. ಅವ್ವ ಪಿಸುಗುಟ್ಟಿದಳು, ಅಣ್ಣ ಪಕ್ಕದಲ್ಲೇ ಇದ್ದನಂತೆ.

"ನಾನೂ ಇದ್ದಿ ಕನವ್ವ ಗಾಡೀಲಿ. ನಿಮ್ಮತ್ತಿಗೇನೂ ಇದ್ಲು. ಮುಂದ್ಗಡೆ ದಾಸೋಹಕ್ಕೆ ರಾಗಿ ಚೀಲ. ನಿಂತ್ಕತು. ನಿಲ್ದೆ ಇನ್ನೇನ್ ಮಾಡದು ಅದು?"

ಪೋಸ್ಟರಿನ ಮಾತು ನಿಜವಾ ಅಂತ ಇವರನ್ನೂ ಕೇಳಿದೆ. ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಅಂದರು: "ಒಂದ್ ಚಾರ್ಜ್ಗೆ ಇಷ್ಟ್ ದೂರ ಅನ್ನೋ ಲೆಕ್ಕ ಒಬ್ಬ ಕೂತ್ಕಂಡು ಸಮತಟ್ಟು ರೋಡಲ್ಲಿ ಓದ್ರೆ ಕಣೇ. ಕೇಳುದ್ರೆ ಏಳು, ಇಲ್ದಿದ್ರೆ ಸುಮ್ನಿರು ಅಂದಿದ್ದ ಅಣ್ಣ. ಬಸವೇಶ ಕೇಳ್ಲಿಲ್ಲ."

ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಇದರಲ್ಲಿ ಯಾವ ಪಕ್ಷ ಬಂತು?

ಎಲ್ಲಾ ವ್ಯಾಪಾರವೂ ಹೀಗೇ ಆಗಿದೆ. ಬಿಸ್ಕತ್ ಪೊಟ್ಟಣ ಅಷ್ಟೇ ಉದ್ದ, ಒಳಗೆ ಬಿಸ್ಕತ್ ಕಡಿಮೆ. ಫೋನಿನ ಡಬ್ಬಿಯಲ್ಲಿ ಚಾರ್ಜರ್ ಇಲ್ಲ. ಮನುಷ್ಯರ ಮಾತೂ ಅಷ್ಟೇ, ಡಬ್ಬಿ ದೊಡ್ಡದು.

2 ಆಗಸ್ಟ್

ಬಾವನವರು ಕರೆದರು. ನಿಂತೆ. ಫೋನಿನಿಂದ ತಲೆ ಎತ್ತದೇ ಹೇಳಿದರು.

"ನೋಡವ್ವ ನಾಗಶ್ರೀ, ಮೂರ್ ಜನ ಅಡ್ವಾನ್ಸ್ ವಾಪಸ್ ಕೇಳವ್ರೆ. ನಿಮ್ಮಣ್ಣನ್ನ ಗ್ರೂಪಿಂದ ತಗೀ. ಇಲ್ಲ ಅವ್ನು ಎಲ್ಲಾರ್ ಮುಂದ್ಗಡೆ ತಪ್ಪಾಯ್ತು ಅನ್ಲಿ. ಅಲ್ಲೀಗಂಟ ಈ ವಸ್ಲು ತುಳೀಕೂಡ್ದು."

ಮಧ್ಯಾಹ್ನ ಅಣ್ಣನ ಫೋನು. "ನಾಗೂ, ನಿಮ್ ಬಾವ್ನೋರ್ನ ತಗೀ. ತಗೀನಾರೆ ಅಂದ್ರೆ ನೀ ಅವ್ರ್ ಕಡೆ ಅಂತ ತಿಳ್ಕತೀನಿ."

ಒಬ್ಬರನ್ನು ತೆಗೆದರೆ ಈ ಮನೆಯಲ್ಲಿ ಅನ್ನ ಇಳಿಯಲ್ಲ. ಇನ್ನೊಬ್ಬರನ್ನು ತೆಗೆದರೆ ತವರಿನ ಬಾಗಿಲು ಮುಚ್ಚುತ್ತೆ. ಇಬ್ಬರಿಗೂ ನನ್ನ ಬೆರಳು ಬೇಕು, ನಾನು ಬೇಡ. ಹಿತ್ತಿಲಿಗೆ ಹೋಗಿ ಅತ್ತೆ. ಈರುಳ್ಳಿ ಹೆಚ್ಚುತ್ತಿದ್ದೆ ಅಂತ ಮಹಾದೇವಮ್ಮಕ್ಕನಿಗೆ ಹೇಳಿದೆ. ಅವಳು ಈರುಳ್ಳಿ ಎಲ್ಲಿ ಅಂತ ಕೇಳಲಿಲ್ಲ, ದೊಡ್ಡ ಉಪಕಾರ.

4 ಆಗಸ್ಟ್

ಸೆಟಿಂಗ್ಸಿನಲ್ಲಿ ಒಂದು ಸ್ವಿಚ್ ಸಿಕ್ಕಿತು. ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು, ಬೇರೆ ಯಾರೂ ಹಾಕೋ ಹಾಗಿಲ್ಲ. ಒತ್ತಿಬಿಟ್ಟೆ!

ಸದ್ದಿಲ್ಲ. ನೀರು ಕೇಳಿದರೂ ಎದ್ದು ಕೊಡದ ಗಂಡಸರೆಲ್ಲ ನನ್ನ ಒಂದು ಬೆರಳಿಗೆ ಸುಮ್ಮನಾದರು. ತುಂಬಾ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

5 ಆಗಸ್ಟ್

ಒಂದು ದಿನದ ಖುಷಿ.

ಬಾವನವರು: "ಒಳ್ಳೆ ಕೆಲ್ಸ ಮಾಡ್ದೆ. ಈಗ ನಾ ಕಳ್ಸದ್ನ ನೀ ಆಕು." ಉದ್ದದ ಮೆಸೇಜು, ಪಕ್ಷದ ಫೋಟೋ ಸಮೇತ.

ಅಣ್ಣ: "ಭೇಷ್ ನಾಗೂ. ಈಗ ನಂದ್ ಆಕು." ಅದೂ ಉದ್ದ. ಅದಕ್ಕೂ ಫೋಟೋ.

ಊರ ಬಾಯಿಗೆ ಬೀಗ ಹಾಕಿ ಬೀಗದ ಜೊತೆ ನಾನೇ ಒಳಗೆ ಸೇರಿಕೊಂಡ ಹಾಗಾಯಿತು. ಎರಡನ್ನೂ ಹಾಕಿಲ್ಲ. ನೋಡಿಲ್ಲ ಅನ್ನೋ ಹಾಗೂ ಇಲ್ಲ, ನೀಲಿ ಟಿಕ್ಕು ಬಿದ್ದುಬಿಟ್ಟಿದೆ.

13 ಆಗಸ್ಟ್

ಚಿಕ್ಕನಿಂಗಮ್ಮನ ಫೋನು. ಹೊಸ ನಂಬರಿನಿಂದ.

"ಕೂಸೇ, ನನ್ ಫೋನು ಕೆಟ್ಟೋಗಿತ್ತು ಕನವ್ವ. ಮಾದಪ್ಪನ್ ಗ್ರೂಪ್ಗೆ ಮಾತಾಡಕೆ ಓದ್ರೆ ಮೈಕೇ ಬತ್ತಿರ್ನಿಲ್ಲ. ಮೊಬೈಲ್ ಅಂಗ್ಡಿ ಉಡ್ಗ ನೋಡ್ಬುಟ್ಟು, ಅಜ್ಜಿ ಇದು ಅಳೇದಾಗದ, ಬ್ಯಾರೆ ತಕೋ ಅಂದ. ತಕಂಡಿ. ಸಿಮ್ಮೂ ಒಸ್ದೇ ಕೊಟ್ಟ. ಇದ್ರಲ್ಲಿ ಗ್ರೂಪೇ ಇಲ್ವಲ್ಲ. ಸೇರ್ಸವ್ವ."

ಸೇರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದಳು. "ಇದೂ ಕೆಟ್ಟದ್ದೇ ಕೊಟ್ಬುಟ್ಟವ್ನೆ ಕೂಸೇ. ಇದ್ರಲ್ಲೂ ಮೈಕಿಲ್ಲ."

ಇಲ್ಲಜ್ಜಿ, ನಾನೇ ಬೀಗ ಹಾಕಿದ್ದು ಅನ್ನಬೇಕಿತ್ತು. ನೆಟ್‌ವರ್ಕ್ ಅಜ್ಜಿ, ಅಂದೆ. ಅಂದವಳು ನಾನೇ. ಬಾವನವರ ಪೋಸ್ಟರಿಗೂ ನನಗೂ ಏನು ವ್ಯತ್ಯಾಸ?

18 ಆಗಸ್ಟ್

ಇವರ ಕೈಯಲ್ಲಿ ಬಾವನವರು ಚೀಟಿ ಕೊಟ್ಟು ಕಳಿಸಿದರು. ನನ್ನ ಹೆಸರಿನಲ್ಲಿ ಬರೆದದ್ದು. 'ನನ್ನ ತವರಿನವರು ಮಾಡಿದ ತಪ್ಪಿಗೆ ಅವರ ಪರವಾಗಿ ಎಲ್ಲರಲ್ಲಿ ಕ್ಷಮೆ ಕೇಳುತ್ತೇನೆ. ನಮ್ಮ ಅಂಗಡಿಯ ಗಾಡಿಯಲ್ಲಿ ಯಾವ ದೋಷವೂ ಇಲ್ಲ.' ಹಬ್ಬದೊಳಗೆ ಹಾಕಬೇಕಂತೆ.

ಇವರು ನನ್ನ ಮುಖ ನೋಡಲಿಲ್ಲ. "ಆಕ್ಬುಡೇ. ನಾಕ್ ದಿನ ಆದ್ರೆ ಎಲ್ಲಾ ಮರ್ತೋಯ್ತರೆ."

ಅಣ್ಣನಿಗೆ ಅದು ಹೇಗೆ ತಿಳಿಯಿತೋ. ಸಂಜೆ ಫೋನು: "ಅದ್ನ ಆಕುದ್ರೆ ಗೌರಿ ಅಬ್ಬುಕ್ ನನ್ ದಾರಿ ನೋಡ್ಬ್ಯಾಡ."

ಹಾಕದಿದ್ದರೆ ಬಾವನವರು ಅಣ್ಣನನ್ನು ಹೊಸಲು ದಾಟಿಸಲ್ಲ. ಹಾಕಿದರೆ ಅವನು ಹೊಸಲ ತನಕವೂ ಬರಲ್ಲ.

22 ಆಗಸ್ಟ್

ಅಕ್ಕಿ ಆರಿಸುತ್ತಾ ಅಕ್ಕ ಕೇಳಿದಳು. "ಆ ಗ್ರೂಪ್ನಲ್ಲಿ ಈಗ ನೀನೊಬ್ಳೇ ಮಾತಾಡ್ಬೋದಾ?"

ಹೂಂ ಅಕ್ಕ.

"ಏನಾದ್ರೂ ಮಾತಾಡ್ದ್ಯಾ?"

ಇಲ್ಲ.

"ಅಯ್ಯೋ. ನನ್ಗೆ ಸಿಕ್ಕಿದ್ರೆ…" ಅಂದು ಮೊರ ತಗೊಂಡು ಒಳಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಅವಳು ಅರ್ಧಕ್ಕೆ ನಿಲ್ಲಿಸಿದ ಮಾತುಗಳನ್ನು ಕೂಡಿಸಿದ್ದರೆ ಒಂದು ಪುರಾಣವೇ ಆಗುತ್ತಿತ್ತು. ಇನ್ನು ಕೆಲವು ವರ್ಷಕ್ಕೆ ನಾನೂ ಹೀಗೇ ಮೊರ ತಗೊಂಡು ಎದ್ದು ಹೋಗ್ತೀನಿ ಅನ್ನಿಸಿತು. ಭಯವಾಯಿತು.

ಬರೆದೆ. ಅಳಿಸಿದೆ. ಬರೆದೆ. ಕಳಿಸಿದ್ದು ಇದು:

'ಬಸವೇಶಣ್ಣನ ಗಾಡಿ ಕೆಟ್ಟಿಲ್ಲ. ಮೂವರು ಕೂತು ರಾಗಿ ಚೀಲ ಇಟ್ಟುಕೊಂಡು ಬೆಟ್ಟ ಹತ್ತಿದರು, ನಿಂತಿತು. ಮಾರುವಾಗ ನಮ್ಮ ಅಂಗಡಿಯಲ್ಲಿ ಅದನ್ನು ಬಿಡಿಸಿ ಹೇಳಬೇಕಿತ್ತು, ಹೇಳಿಲ್ಲ. ಯಾವ ಪಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ. ಚಿಕ್ಕನಿಂಗಮ್ಮಜ್ಜಿ, ನಿಮ್ಮ ಹಳೇ ಫೋನು ಚೆನ್ನಾಗಿಯೇ ಇತ್ತು. ಬೀಗ ಹಾಕಿದ್ದು ನಾನು. ನಿಮಗೆ ಸುಳ್ಳು ಹೇಳಿದ್ದೂ ನಾನು. ಈಗ ತೆಗೆಯುತ್ತಿದ್ದೇನೆ. — ನಾಗಶ್ರೀ, ಅಡ್ಮಿನ್.'

ತೆಗೆದೆ. ಫೋನನ್ನು ಅಕ್ಕಿ ಡಬ್ಬದಲ್ಲಿಟ್ಟು ಮುಚ್ಚಿದೆ.

23 ಆಗಸ್ಟ್

ಪ್ರಳಯ ಆಗುತ್ತೆ ಅಂದುಕೊಂಡಿದ್ದೆ. ಹತ್ತು ಜನ ಕೈಮುಗಿದ ಚಿತ್ರ. ಮೂರು ಗುಲಾಬಿ. ಮೇಕೆ ಇನ್ನೂ ಮಾರಾಟವಾಗಿಲ್ಲವಂತೆ.

ಚಿಕ್ಕನಿಂಗಮ್ಮ: "ಉಘೇ ಮಾದಪ್ಪ… ಎಲ್ಲಾರೂ ಎದ್ರಾ? ನಾ ಎದ್ದೀನಿ. ನಾಗಶ್ರೀ, ಒಸ ಫೋನ್ನ ಅಂಗ್ಡಿ ಉಡ್ಗುನ್ ಮಕುಕ್ಕೆ ಬಿಸಾಕ್ಬುಟ್ಟು ಅಳೇದ್ನೇ ತಕಂಡ್ ಬಂದಿ ಕನವ್ವ." ಮೂರು ಸಲ ಕೇಳಿದೆ.

ಬಾವನವರು ಮನೆಯಲ್ಲಿ ಉಣ್ಣಲಿಲ್ಲ. ಇವರು ಉಂಡು ಅಂಗಡಿಗೆ ಹೋದರು. ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೂವರು ಕೂತಿದ್ದನ್ನು ಊರಿಗೆಲ್ಲ ಹೇಳಿದ ತಂಗಿಯ ಫೋನು ಯಾಕೆ ಎತ್ತುತ್ತಾನೆ? ಒಬ್ಬರನ್ನು ಉಳಿಸಿಕೊಳ್ಳಬಹುದಿತ್ತು. ನಿಜ ಹೇಳಿ ಇಬ್ಬರನ್ನೂ ಕಳೆದುಕೊಂಡೆ.

26 ಆಗಸ್ಟ್, ಮಂಗಳವಾರ. ಗೌರಿ

ಪೂಜೆ ಆಯಿತು. ಹೋಳಿಗೆಯೂ ಆಯಿತು. ಅಕ್ಕನ ತಮ್ಮ ಬೆಳಿಗ್ಗೆಯೇ ಬಂದು ಅರಿಶಿನ ಕುಂಕುಮ, ಸೀರೆ ಕೊಟ್ಟು ಹೋದ. ಅಕ್ಕ ಹೊಸ ಸೀರೆಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಒಳಗಿಟ್ಟಳು.

ಬಾವನವರು ಅಂಗಡಿಗೆ ಹೋಗದೆ ಜಗಲಿಯ ಮೇಲೆ ಕೂತಿದ್ದಾರೆ. ಕಾವಲು. ನಾನು ಮುಂದಕ್ಕೆ ಹೋಗೋ ಹಾಗಿಲ್ಲ. ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಿವಿಯೆಲ್ಲ ಬೀದಿಯಲ್ಲಿ. ಆಮೇಲೆ ನೆನಪಾಯಿತು, ಹಳೇ ಬೈಕು ಇಲ್ಲ. ಬ್ಯಾಟರಿ ಗಾಡಿ ಸದ್ದೇ ಮಾಡಲ್ಲ. ಅವನು ಬಂದು ತಿರುವಿನಲ್ಲಿ ನಿಂತು, ಬಾವನವರನ್ನು ನೋಡಿ ವಾಪಸ್ ಹೋಗಿದ್ದರೂ ನನಗೆ ಗೊತ್ತಾಗಿರಲ್ಲ.

ಅಕ್ಕ ಒಂದು ಸಲ ಮುಂದಕ್ಕೆ ಹೋಗಿ ಬಂದಳು. ಹೋಳಿಗೆಗೆ ತಟ್ಟೆ ಮುಚ್ಚಿದಳು.

ಮಧ್ಯಾಹ್ನ

ಇನ್ನೂ ಇಲ್ಲ. ಹೋಳಿಗೆ ಆರಿತು. ಇವರು ಬಂದು ಬಾಗಿಲಲ್ಲಿ ನಿಂತು, "ಉಣ್ಣೇ" ಅಂದರು. ಆಮೇಲೆ ಉಣ್ತೀನಿ ಅಂದೆ. ನಾಲ್ಕು ದಿನದಲ್ಲಿ ನಾವು ಆಡಿದ ಮಾತು ಇಷ್ಟೇ.

ಗೇಟು ಕಿರ್ ಅಂತು. ಯಾರೋ… ಬಾವನವರು ಎದ್ದ ಸದ್ದು, ಚಪ್ಪಲಿ ಸದ್ದು.

ಎಷ್ಟು ಹೊತ್ತು ಹೀಗೆ ನಿಂತಿರ್ತಾರೆ? ಏನಾದರೂ ಅಂದುಬಿಡಿ ಬಾವ, ಬೈದರೂ ಪರವಾಗಿಲ್ಲ.

ಬಾವನವರ ದನಿ. "ಅನೂರಿಂದ ಬಂದ್ಯಲ್ಲ… ಚಾರ್ಜ್ ಎಷ್ಟ್ ಉಳ್ಕಂಡದ್ಲಾ?"

ಅಣ್ಣ ಏನೋ ಹೇಳ್ತಿದ್ದಾನೆ. ಮೆಲ್ಲಗೆ. ಎಷ್ಟು ಅಂತ ಕೇಳಿಸ್ತಿಲ್ಲ, ಅಕ್ಕ ಕರೀತಿದ್ದಾಳೆ, ಅರಿಶಿನದ ತಟ್ಟೆ ಎಲ್ಲಿ ಅಂತ…